ಹಸಿರು ಬಟ್ಟೆಯ ತೂತಿನಲ್ಲಿ ಕಂಡ ಕೈ

ಮಣಿಕಟ್ಟಿಗೆ ಸೂಜಿ ಹಾಕುವಾಗ ನನಗೆ ಕಾಣುವುದು ಮೂರು ಬೆರಳಗಲದ ಚರ್ಮ, ಅಷ್ಟೇ. ರೋಗಿ ಮೇಜಿನ ಮೇಲೆ ಮಲಗಿ ಕೈಯನ್ನು ಪಕ್ಕದ ಹಲಗೆಯ ಮೇಲೆ ಅಂಗಾತ ಚಾಚುತ್ತಾರೆ. ಸಿಸ್ಟರ್ ಕಂದು ಔಷಧಿ ಬಳಿದು, ನಡುವೆ ತೂತಿರುವ ಹಸಿರು ಬಟ್ಟೆ ಹೊದಿಸುತ್ತಾರೆ. ಆ ತೂತಿನೊಳಗೆ ಉಳಿದಷ್ಟರಲ್ಲೇ ನನ್ನ ಕೆಲಸ. ಬಟ್ಟೆಯ ಆಚೆ ಒಂದು ಮುಖವಿದೆ ಎಂಬುದು ಗೊತ್ತಿತ್ತು, ನೋಡುವ ಪುರುಸೊತ್ತು ಇರಲಿಲ್ಲ. ಕೈ ತೋರಿಸಿದರೆ ಸಾಕು, ಜಾತಕವನ್ನೇ ಹೇಳುತ್ತೇನೆ ಎಂದು ಸಿಸ್ಟರ್ ಮುಂದೆ ಜಂಬ ಕೊಚ್ಚಿಕೊಳ್ಳುತ್ತಿದ್ದವನು ನಾನು. ಆ ಜಂಬ ಇಳಿದದ್ದು ಒಂದು ಜನವರಿಯ ಮಂಗಳವಾರ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ.

ಸಕಲೇಶಪುರದ ಒಂದು ಸಣ್ಣ ಆಸ್ಪತ್ರೆಯಲ್ಲಿ ನಾನು ಮೂಳೆ ವೈದ್ಯ. ಹೊಂಗಡಹಳ್ಳದ ಕಡೆಯ ಒಂದು ಎಸ್ಟೇಟಿನಿಂದ ಪ್ರತಿ ಮಂಗಳವಾರ ಜೀಪಿನಲ್ಲಿ ಏಳೆಂಟು ಹೆಂಗಸರು ಬರುತ್ತಿದ್ದರು. ಜೊತೆಗೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್, ಅವನ ಕೈಯಲ್ಲಿ ಹೆಸರಿನ ಪಟ್ಟಿ. ಅವರೆಲ್ಲರ ದೂರು ಒಂದೇ: ಕೈ ಜೋಮು. ಕಾಫಿ ಕೊಯ್ಯುವವರು ರೆಂಬೆ ಬಗ್ಗಿಸಿ ಹಿಡಿದು, ಹೆಬ್ಬೆರಳು ತೋರುಬೆರಳಲ್ಲಿ ಹಣ್ಣು ತಿರುಚಿ ಕೀಳುತ್ತಾರೆ. ದಿನಕ್ಕೆ ಅದೆಷ್ಟು ಸಾವಿರ ಸಲ ಮಣಿಕಟ್ಟು ತಿರುಗುತ್ತದೋ ದೇವರೇ ಬಲ್ಲ.

ಮಣಿಕಟ್ಟಿನಲ್ಲಿ ಒಂದು ಸಣ್ಣ ಸುರಂಗವಿದೆ. ಕೆಳಗೆ ಮೂಳೆಗಳು, ಮೇಲೆ ಬಿಗಿಯಾದ ಪಟ್ಟಿ. ಅದರೊಳಗೆ ಬೆರಳು ಮಡಿಸುವ, ಟೆಂಡನ್ ಎನ್ನುವ ಒಂಬತ್ತು ಎಳೆಗಳೂ ಒಂದು ನರವೂ ಹಾದುಹೋಗುತ್ತವೆ. ಒಳಗೆ ಬಾವು ಬಂದರೆ ಎಳೆಗಳು ತಡೆದುಕೊಳ್ಳುತ್ತವೆ, ನರ ತಡೆಯುವುದಿಲ್ಲ. ಹೆಬ್ಬೆರಳಿನಿಂದ ಉಂಗುರದ ಬೆರಳ ಅರ್ಧದವರೆಗೆ ಜೋಮು ಹಿಡಿಯುತ್ತದೆ, ನಿದ್ದೆಯಲ್ಲಿ ನೋವು ಎಬ್ಬಿಸುತ್ತದೆ, ಎದ್ದು ಕೈ ಕೊಡವಬೇಕಾಗುತ್ತದೆ. ಕಾರ್ಪಲ್ ಟನಲ್ ಎನ್ನುವುದು ಇದಕ್ಕೇ. ಶುರುವಿನಲ್ಲಿ ಬ್ಯಾಂಡೇಜು ಕಟ್ಟಿ ಕೈಗೆ ವಿಶ್ರಾಂತಿ ಕೊಡುತ್ತೇವೆ. ನೋವು ಅದಕ್ಕೂ ಬಗ್ಗದಿದ್ದರೆ ಸುರಂಗದೊಳಗೆ ಒಂದು ಸ್ಟೀರಾಯ್ಡ್ ಇಂಜೆಕ್ಷನ್. ಬಾವು ಇಳಿದು ನರ ಉಸಿರಾಡುತ್ತದೆ. ಆದರೆ ಇದು ಪದೇ ಪದೇ ಹಾಕುವ ಮದ್ದಲ್ಲ. ಚರ್ಮ ತೆಳುವಾಗಿ ಬೆಳ್ಳಗಾಗುತ್ತದೆ, ಎಳೆಗಳು ಜೀರ್ಣವಾಗಿ ಹರಿಯಲೂಬಹುದು. ಅದಕ್ಕೇ ನನ್ನದೊಂದು ನಿಯಮ: ಒಂದು ಕೈಗೆ ಎರಡೇ ಸೂಜಿ. ಮೂರನೆಯ ಸಲ ಬಂದರೆ ಆಪರೇಷನ್.

ಈ ನಿಯಮವನ್ನು ಮೊದಲ ದಿನವೇ ಎಲ್ಲರಿಗೂ ದೊಡ್ಡ ದನಿಯಲ್ಲಿ ಹೇಳಿದ್ದೆ. ಎಷ್ಟು ಚೆನ್ನಾಗಿ ಹೇಳಿದ್ದೆನೆಂದರೆ ಯಾರೂ ಮೂರನೆಯ ಸಲ ಬರಲೇ ಇಲ್ಲ. ಎಲ್ಲರಿಗೂ ವಾಸಿಯಾಯಿತೆಂದು ನಾನು ಬೀಗಿದೆ.

ಆ ಜನವರಿಯ ಹಿಂದಿನ ವರ್ಷ ನನಗೆ ಹೆಮ್ಮೆಯ ರೋಗಿ ಒಬ್ಬಳಿದ್ದಳು. ಗೌರಿ ಹಬ್ಬದ ಹೊತ್ತಿಗೆ ಬಂದ, ನಲವತ್ತೈದು ದಾಟಿದ ಹೆಂಗಸು. ಹೆಬ್ಬೆರಳ ಬುಡದ ಮಾಂಸದ ಉಬ್ಬು ಆಗಲೇ ಸ್ವಲ್ಪ ಇಳಿದಿತ್ತು, ಅಂದರೆ ನರ ಸೋಲತೊಡಗಿತ್ತು. ಆಪರೇಷನ್ ಮಾಡೋಣವೆಂದರೆ ಕೈಮುಗಿದು ಬೇಡ ಎಂದಳು. ಸರಿ, ಒಂದು ಸೂಜಿ ಹಾಕಿ ಆರು ವಾರ ನೋಡೋಣ ಎಂದು ಸಕ್ಕರೆ ಪರೀಕ್ಷೆಗೆ ಕಳಿಸಿ, ಮುಂದಿನ ಮಂಗಳವಾರ ಬರಹೇಳಿದೆ. ಬಂದಳು, ಹಾಕಿದೆ. ಆರು ವಾರ ಬಿಟ್ಟು ಸಾಲಿನಲ್ಲಿ ಬಂದು ಕೈಚಾಚಿದಾಗ ನೋಡುತ್ತೇನೆ, ಹೆಬ್ಬೆರಳ ಬುಡ ತುಂಬಿಕೊಂಡಿದೆ, ಹಿಡಿತ ಗಟ್ಟಿ! ಇಳಿದ ಮಾಂಸ ಇಷ್ಟು ಬೇಗ ಮರಳುವುದನ್ನು ನಾನು ಎಂದೂ ಕಂಡಿರಲಿಲ್ಲ. ಕಾರ್ಡಿನಲ್ಲಿ ‘ಅಪರೂಪದ ಚೇತರಿಕೆ’ ಎಂದು ಬರೆದೆ. ಹಾಸನದಲ್ಲಿ ನಾಲ್ಕು ಜನ ವೈದ್ಯರು ಸೇರಿದ್ದಾಗ ಕಾಫಿ ಕುಡಿಯುತ್ತ ಅದನ್ನೇ ಕೊಚ್ಚಿದೆ.

ಆ ಜನವರಿಯ ಮಂಗಳವಾರ, ಕೊಯ್ಲಿನಲ್ಲಿ ನೋವು ಮರುಕಳಿಸಿತೆಂದು, ಅದೇ ಕಾರ್ಡು ಮತ್ತೆ ಬಂತು, ಎರಡನೆಯ ಸೂಜಿಗೆ. ನನ್ನ ಖಾಯಂ ಸಿಸ್ಟರ್ ತಂಗಿಯ ಮದುವೆಗೆಂದು ರಜೆಯಲ್ಲಿದ್ದರು. ಅವರ ಬದಲಿಗೆ ಬಂದಿದ್ದವರು ಆಲೂರಿನ ಕಡೆಯ ಹಿರಿಯ ಸಿಸ್ಟರ್, ಸರ್ಕಾರಿ ನೌಕರಿಯಿಂದ ನಿವೃತ್ತರಾದವರು. ಕಾರ್ಡನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದದೆ ಸಿರಿಂಜಿಗೆ ಕೈ ಹಾಕದವರು. ನನಗೆ ಅದು ಕಿರಿಕಿರಿ.

ನಾನು ಬಟ್ಟೆಯ ತೂತಿನಲ್ಲಿ ಕಂಡ ಕೈಗೆ, "ಹೆಬ್ಬೆಟ್ಟು ಕಿರುಬೆಟ್ಟು ಕೂಡಿಸಿ ಕೈ ಸ್ವಲ್ಪ ಮೇಲಕ್ಕೆ ಬಗ್ಗಿಸವ್ವ" ಎಂದೆ. ಹಾಗೆ ಮಾಡಿದಾಗ ಮಣಿಕಟ್ಟಿನ ನಡುವೆ ದಾರದಂಥ ಒಂದು ಎಳೆ ಎದ್ದು ನಿಲ್ಲುತ್ತದೆ. ಅದರ ಪಕ್ಕದಲ್ಲಿ, ಕಿರುಬೆರಳಿನ ಕಡೆಗೆ, ಸೂಜಿಯನ್ನು ಓರೆಯಾಗಿ ಇಳಿಸಬೇಕು. ಬೆರಳಿಗೆ ಕರೆಂಟು ಹೊಡೆದಂತಾಯಿತೆಂದು ರೋಗಿ ಹೇಳಿದರೆ ತಕ್ಷಣ ಹಿಂದಕ್ಕೆ ತೆಗೆಯಬೇಕು, ಸೂಜಿ ನರಕ್ಕೆ ತಾಗಿದೆಯೆಂದು ಅರ್ಥ. ಎಳೆ ಚೆನ್ನಾಗಿ ಎದ್ದಿತು. ನಾನು ಸೂಜಿ ಹಿಡಿದೆ.

"ಸಾರ್," ಎಂದರು ಹಿರಿಯ ಸಿಸ್ಟರ್, ಕನ್ನಡಕದ ಮೇಲಿನಿಂದ ನೋಡುತ್ತ. "ಈ ಕೈಗೆ ಆ ಎಳೆ ಇಲ್ಲ ಅಂತ ನೀವೇ ಬರ್ದಿದೀರಲ್ಲ."

"ಏನು?"

"ಇಲ್ಲಿದೆ ನೋಡಿ. ಬಲಗೈ, ಎಳೆ ಹುಟ್ಟಿನಿಂದ ಇಲ್ಲ, ಜಾಗ ಅಳತೆ ಮಾಡಿ ಹಾಕಬೇಕು. ನಿಮ್ದೇ ಅಕ್ಷರ."

ಕೆಲವರಿಗೆ ಆ ಎಳೆ ಹುಟ್ಟುವಾಗಲೇ ಇರುವುದಿಲ್ಲ. ಇಲ್ಲದಿದ್ದರೆ ನಷ್ಟವೂ ಇಲ್ಲ. ಆದರೆ ಇಲ್ಲದ ಎಳೆ ನಾಲ್ಕು ತಿಂಗಳಲ್ಲಿ ಹುಟ್ಟುವುದಿಲ್ಲ. ನಾನು ಸೂಜಿ ಹಿಡಿದ ಕೈಯನ್ನು ಹಾಗೇ ಗಾಳಿಯಲ್ಲಿ ನಿಲ್ಲಿಸಿದೆ. ಆಗಲೇ ಕಂದು ಔಷಧಿ ಒಣಗಿದ ಅಂಚಿನಲ್ಲಿ ಚರ್ಮ ಕಣ್ಣಿಗೆ ಬಿತ್ತು. ತೆಳ್ಳಗೆ, ಬೆಳ್ಳಗೆ, ಈರುಳ್ಳಿ ಸಿಪ್ಪೆಯ ಹಾಗೆ. ಒಂದು ಸೂಜಿ ಬಿದ್ದ ಚರ್ಮ ಅದಾಗಿರಲಿಲ್ಲ.

ಸಿರಿಂಜನ್ನು ತಟ್ಟೆಯಲ್ಲಿಟ್ಟು ಬಟ್ಟೆ ಸರಿಸಿದೆ. ತಲೆಗೆ ಟವಲು ಸುತ್ತಿ, ಸೀರೆಯ ಮೇಲೆ ಕೆಂಪು ಸ್ವೆಟರ್ ತೊಟ್ಟಿದ್ದ ಮೂವತ್ತರ ಆಸುಪಾಸಿನ ಹೆಂಗಸು. ನಲವತ್ತೈದಲ್ಲ. ಹೆಸರು ಕೇಳಿದೆ. ಕಾರ್ಡಿನಲ್ಲಿದ್ದ ಹೆಸರನ್ನೇ ತಡವರಿಸದೆ ಹೇಳಿದಳು.

"ಸುಳ್ಳು ಹೇಳ್ಬೇಡ."

"ಇಲ್ಲ ಡಾಕ್ಟ್ರೇ. ಇವತ್ತು ನಂದು ಇದೇ ಹೆಸ್ರು."

ಕೋಪ ನೆತ್ತಿಗೇರಿತು. ಏನೇನು ಕೂಗಿದೆನೋ ನೆನಪಿಲ್ಲ, ಹೊರಗೆ ಕೂತಿದ್ದವರೆಲ್ಲ ಎದ್ದು ನಿಂತದ್ದು ನೆನಪಿದೆ. ಅವಳು ಗೋಡೆಯ ಕಡೆ ತಿರುಗಿ ಕೂತಳು. ಕಡೆಗೆ ಹಿರಿಯ ಸಿಸ್ಟರೇ ಅವಳ ಪಕ್ಕ ಕೂತು, "ಯಾವೂರವ್ವ ನಿಂದು? ಕೈ ಬಾಳ ನೋಯ್ತದಾ?" ಎಂದು ಕೇಳಿದರು. ಅಷ್ಟಕ್ಕೇ ಅವಳು ಎಲ್ಲ ಹೇಳತೊಡಗಿದಳು.

ಅವಳ ಸ್ವಂತ ಹೆಸರಿನಲ್ಲಿ ಹಿಂದಿನ ಕೊಯ್ಲಿನಲ್ಲಿ ಎರಡು ಸೂಜಿ ಆಗಿದ್ದವು. ಮೂರನೆಯದಕ್ಕೆ ಬಂದರೆ ಕೈ ಕೊಯ್ಯುತ್ತೇನೆ ಎಂದು ನಾನೇ ಹೆದರಿಸಿದ್ದೆ. ನೋವು ಮತ್ತೆ ಬಂತು, ನಿದ್ದೆಯಿಲ್ಲ. ಆಗ ಅವಳ ಜೋಡಿ, ಅಂದರೆ ಈ ಕಾರ್ಡಿನವಳು, ತನ್ನ ಸೂಜಿಯನ್ನು ಅವಳಿಗೆ ಕೊಟ್ಟಳು.

"ಕೊಟ್ಟಳು ಅಂದ್ರೆ?" ಎಂದೆ.

"ಕೊಟ್ಟಳು ಸಾ. ಅಕ್ಕಂಗೆ ನೀವು ದಿನ ಹೇಳಿದ್ರಲ್ಲ, ಆ ದಿನಕ್ಕೆ ನಾನು ಬಂದೆ. ನೀ ಬಾಳ ಅಳ್ತೀಯ, ನಂದು ನೀ ಹಾಕ್ಸ್ಕೊ ಅಂದ್ಲು."

ಜೋಡಿ ಎಂದರೇನೆಂದು ನನಗೆ ಗೊತ್ತಿರಬೇಕಿತ್ತು. ನಾನು ಕುಂದೂರಿನ ಕಡೆಯವನೇ, ಕೊಯ್ಲು ಕಾಣದವನಲ್ಲ. ಆ ಎಸ್ಟೇಟಿನಲ್ಲಿ ಇಬ್ಬಿಬ್ಬರು ಹೆಂಗಸರು ಒಂದು ಸಾಲು ಹಿಡಿದು ಕೊಯ್ಯುತ್ತಾರೆ. ಒಬ್ಬಳಿಗೆ ಮೈಯಲ್ಲಿ ಹುಷಾರಿಲ್ಲದಿದ್ದರೆ ಇನ್ನೊಬ್ಬಳು ತಾನು ಕೊಯ್ದ ಹಣ್ಣನ್ನು ಅವಳ ಚೀಲಕ್ಕೂ ಸುರಿಯುತ್ತಾಳೆ. ತೂಕದ ಹೊತ್ತಿನಲ್ಲಿ "ಇದು ಅವಳ ಹೆಸ್ರಿಗೆ ಬರ್ಕಳಿ" ಎಂದರೆ ರೈಟರ್ ಮರುಮಾತಿಲ್ಲದೆ ಬರೆದುಕೊಳ್ಳುತ್ತಾನೆ. ಅದು ಮೋಸವಲ್ಲ, ಜೋಡಿಯ ಮರ್ಯಾದೆ. ಚೀಲ ಬದಲಾದ ಹಾಗೆ ಸೂಜಿಯೂ ಬದಲಾಯಿತು. ಅವರ ಲೆಕ್ಕದಲ್ಲಿ ಯಾರೂ ಯಾರಿಗೂ ಸುಳ್ಳು ಹೇಳಿರಲಿಲ್ಲ.

ಅವಳನ್ನು ಹೊರಗೆ ಕೂರಿಸಿ ಕಾರ್ಡನ್ನು ಮತ್ತೆ ಓದಿದೆ. ಒಂದೊಂದೇ ಸಾಲು ನನ್ನ ಕೆನ್ನೆಗೆ ಹೊಡೆಯಿತು. ಗೌರಿ ಹಬ್ಬದಲ್ಲಿ ನಾನು ಪರೀಕ್ಷೆ ಮಾಡಿದ್ದು ಜೋಡಿಯ ಕೈ. ಸಕ್ಕರೆ ನೋಡಿದ್ದು ಜೋಡಿಯ ರಕ್ತದಲ್ಲಿ. ಸೂಜಿ ಚುಚ್ಚಿದ್ದು ಇವಳ ಕೈಗೆ. ಇವಳಿಗೆ ಸಕ್ಕರೆ ಕಾಯಿಲೆ ಇದ್ದು, ಸ್ಟೀರಾಯ್ಡ್ ಅದನ್ನು ಏರಿಸಿದ್ದರೆ? ಆರು ವಾರದ ನಂತರ ಅಪರೂಪದ ಚೇತರಿಕೆ ಎಂದು ನಾನು ಕುಣಿದಾಡಿದ್ದು ಮೊದಲೇ ಗಟ್ಟಿಯಾಗಿದ್ದ ಇವಳ ಹೆಬ್ಬೆರಳನ್ನು ನೋಡಿ. ಎರಡು ಬೇರೆ ಬೇರೆ ಕೈಗಳನ್ನು ಒಂದೇ ಕೈ ಎಂದು ನಂಬಿದ್ದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ. ನನಗೆ ಎದುರಿಗಿದ್ದ ಅಂಗೈಯೇ ಕಂಡಿರಲಿಲ್ಲ.

ಆಮೇಲೆ ಹೊಳೆಯಿತು. ಹಾಗಾದರೆ ಜೋಡಿಯ ಕೈಗೆ ಇಷ್ಟು ದಿನ ಯಾವ ಚಿಕಿತ್ಸೆಯೂ ಆಗಿಲ್ಲ. ತಡಮಾಡಿದರೆ ನರ ಹೋಗುತ್ತದೆಂದು ನಾನೇ ಬರೆದ ಕೈ ಅದು.

"ನಿನ್ನ ಜೋಡಿ ಕೈ ಹೆಂಗೈತೆ ಈಗ?" ಎಂದು ಕೆಂಪು ಸ್ವೆಟರಿನವಳನ್ನು ಕೇಳಿದೆ.

"ಅಕ್ಕಂಗೆ ವಾಸಿ ಆಗೋಯ್ತು ಸಾ, ಸೂಜಿ ಇಲ್ದೇನೇ. ನೋವೇ ಇಲ್ಲ ಅಂತಾಳೆ."

ಅವಳು ಸಂತೋಷದಿಂದ ಹೇಳಿದಳು. ಈ ಕಾಯಿಲೆಯಲ್ಲಿ ನೋವು ಎರಡು ಕಾರಣಕ್ಕೆ ನಿಲ್ಲುತ್ತದೆ. ಒಂದು, ನರ ಚೇತರಿಸಿಕೊಂಡಾಗ. ಇನ್ನೊಂದು, ನೋವನ್ನು ಹೇಳಲು ನರವೇ ಉಳಿಯದಿದ್ದಾಗ.

ಮುಂದಿನ ವಾರ ಜೋಡಿಯನ್ನು ಕರೆತರಲೇಬೇಕೆಂದು ರೈಟರ್‌ಗೆ ಹೇಳಿದೆ. ಅವನ ಮುಖ ಹುಳಿಯಾಯಿತು. "ನಾನು ಹೆಸ್ರು ಕೂಗ್ತೀನಿ, ಅವ್ರು ಹೂಂ ಅಂತಾರೆ ಸಾರ್. ಮುಸುಕು ತೆಗ್ದು ನೋಡಕಾಯ್ತದಾ?" ಎಂದ. ತಪ್ಪು ತನ್ನ ತಲೆಗೆ ಬರುತ್ತದೆಂದು ಹೆದರಿದ್ದ. ಮುಂದಿನ ಮಂಗಳವಾರ ಜೀಪೇ ಬರಲಿಲ್ಲ. ಫೋನ್ ಮಾಡಿದರೆ, ಕೊಯ್ಲು ಜೋರಾಗಿದೆ, ಯಾರಿಗೂ ಕೈನೋವಿಲ್ಲ ಎಂದ.

ಆಸ್ಪತ್ರೆಯ ಹಿರಿಯ ವೈದ್ಯರಿಗೆ ಎಲ್ಲ ಹೇಳಿದೆ. ಅವರು ಒಳ್ಳೆಯವರೇ. "ಹೆಸರು ಬದಲಾಯಿಸಿದ್ದು ಅವರು, ನೀನಲ್ಲ. ಕಾರ್ಡಿನ ಪ್ರಕಾರ ನಿನ್ನ ಕೆಲಸ ಸರಿಯಿದೆ. ಸುಮ್ಮನಿರಪ್ಪ" ಎಂದರು. ಒಂದು ದಿನ ಸುಮ್ಮನಿದ್ದೆ. ಕಾರ್ಡಿನ ಪ್ರಕಾರ ಸರಿಯಿದ್ದದ್ದೇ ನನ್ನನ್ನು ಕೊರೆಯಿತು. ಗುರುವಾರ ಮಧ್ಯಾಹ್ನದ ರೋಗಿಗಳನ್ನು ಅವರಿಗೆ ಒಪ್ಪಿಸಿ, ಹಿರಿಯ ಸಿಸ್ಟರನ್ನು ಕೂರಿಸಿಕೊಂಡು ನಾನೇ ಕಾರು ತೆಗೆದೆ.

ನಾವು ತಲುಪಿದಾಗ ತೂಕದ ಹೊತ್ತು. ಸ್ಟೋರಿನ ಮುಂದೆ ಚೀಲಗಳ ಸಾಲು, ತಕ್ಕಡಿಯ ಪಕ್ಕ ರೈಟರ್. ನನ್ನನ್ನು ಕಂಡು ಪುಸ್ತಕದೊಳಗೆ ಮುಖ ಹುದುಗಿಸಿದ. ಕೆಂಪು ಸ್ವೆಟರಿನವಳು ಓಡಿಬಂದು, ಹಿಂದೆ ನಿಂತಿದ್ದ ಹೆಂಗಸಿನ ತೋಳು ಹಿಡಿದು, "ಇವ್ಳೇ ಅಕ್ಕ" ಎಂದಳು. ಅವಳ ಮುಖವನ್ನು ನಾನು ಮೊದಲ ಸಲ ನೋಡಿದೆ. ಹಾಗೆ ಬರೆಯಲು ನಾಚಿಕೆಯಾಗುತ್ತದೆ, ಯಾಕೆಂದರೆ ಅದು ಮೊದಲ ಸಲವಾಗಿರಲಿಲ್ಲ.

"ಕೈ ತೋರ್ಸವ್ವ."

"ಚೆನ್ನಾಗೈತೆ ಡಾಕ್ಟ್ರೇ. ನೋವಿಲ್ಲ, ಜುಮ್ಮನ್ನೋದೂ ಹೋಗ್ಬುಟ್ಟೈತೆ. ಸುಮ್ನೆ ದೂರ ಬಂದ್ರಿ."

ಬಲಗೈ ಚಾಚಿದಳು. ಹೆಬ್ಬೆರಳ ಬುಡದಲ್ಲಿ ಉಬ್ಬು ಇರಬೇಕಾದಲ್ಲಿ ಗುಳಿ. ಚರ್ಮ ಮೂಳೆಗೆ ಅಂಟಿತ್ತು. ಹೆಬ್ಬೆರಳು ಉಳಿದ ಬೆರಳುಗಳ ಸಾಲಿಗೇ ಬಂದು ಮಲಗಿತ್ತು. ತೋರುಬೆರಳಿನ ತುದಿಯಲ್ಲಿ ಎರಡು ಹಳೆಯ ಬೊಬ್ಬೆಯ ಗುರುತು, ಮಧ್ಯದ ಬೆರಳಲ್ಲಿ ಹಸಿ ಗಾಯ.

"ಇದೇನು?"

ಉತ್ತರ ಕೊಟ್ಟದ್ದು ಸುತ್ತ ನಿಂತ ಹೆಂಗಸರು. "ಅಕ್ಕನ ಕೈಗೆ ಬಿಸಿ ತಾಗಲ್ಲ ಸಾ. ನಮ್ಮ ಕೂಲಿ ಲೈನಲ್ಲಿ ಯಾರ ಮನೇಲಿ ಅನ್ನದ ಪಾತ್ರೆ ಇಳ್ಸೋಕಾದ್ರೂ ಅವಳನ್ನೇ ಕರೀತೀವಿ. ಬಟ್ಟೆನೂ ಬೇಡ ಅವ್ಳಿಗೆ."

ಅವರು ನಗುತ್ತಿದ್ದರು. ಅವಳೂ ಸ್ವಲ್ಪ ಹೆಮ್ಮೆಯಿಂದ ನಕ್ಕಳು. ನಾನು ಜೇಬಿನಿಂದ ಸೂಜಿ ತೆಗೆದು, ಕಣ್ಣು ಮುಚ್ಚಲು ಹೇಳಿ, ಕಿರುಬೆರಳಿಗೆ ಚುಚ್ಚಿದೆ. "ಹಾ" ಎಂದಳು. ತೋರುಬೆರಳಿಗೆ ಚುಚ್ಚಿದೆ. ಸುಮ್ಮನಿದ್ದಳು. ಹೆಬ್ಬೆರಳಿಗೆ ಚುಚ್ಚಿದೆ. ರಕ್ತ ಬಂತು. "ಚುಚ್ಚಿ ಡಾಕ್ಟ್ರೇ, ಯಾಕೆ ನಿಲ್ಸುದ್ರಿ?" ಎಂದಳು.

ನಗು ನಿಂತುಹೋಯಿತು. ಆ ರಕ್ತದ ಹನಿಯನ್ನು ಮೊದಲು ಅರ್ಥಮಾಡಿಕೊಂಡವಳು ಕೆಂಪು ಸ್ವೆಟರಿನವಳು. ತನ್ನ ಕೈಯನ್ನು ಹಿಂದಕ್ಕೆ ಅಡಗಿಸಿಕೊಂಡಳು, ಕದ್ದ ವಸ್ತು ಕೈಯಲ್ಲಿದ್ದವರ ಹಾಗೆ.

"ನನ್ನ ಸೂಜಿ ಹಾಕಿದ್ರೆ ಅಕ್ಕಂಗೆ ಹಿಂಗಾಯ್ತಿರ್ಲಿಲ್ವಾ?"

ಅವಳು ‘ನನ್ನ ಸೂಜಿ’ ಎಂದದ್ದನ್ನು ನಾನು ತಿದ್ದಲಿಲ್ಲ. "ಹೇಳೋಕಾಗಲ್ಲ. ಆದ್ರೆ ಸೂಜಿ ಕೆಲಸ ಮಾಡದಿದ್ರೆ ಆರು ವಾರಕ್ಕೇ ಗೊತ್ತಾಗ್ತಿತ್ತು, ಆವಾಗ್ಲೇ ಆಪರೇಷನ್ ಮಾಡ್ತಿದ್ದೆ" ಎಂದೆ. ಸುಳ್ಳು ಹೇಳಿ ಸಮಾಧಾನ ಮಾಡಬಹುದಿತ್ತು. ಆ ಕೈಯ ವಿಷಯದಲ್ಲಿ ಸುಳ್ಳು ಆಗಲೇ ಸಾಕಷ್ಟಾಗಿತ್ತು.

ಇನ್ನು ಕಾಯುವಂತಿರಲಿಲ್ಲ. ಮರುದಿನವೇ ಹಾಸನದಲ್ಲಿ ನರದ ಪರೀಕ್ಷೆ ಮಾಡಿಸಿದೆವು. ನರಕ್ಕೆ ಸಣ್ಣಗೆ ಕರೆಂಟು ಕೊಟ್ಟು, ಅದು ಹೆಬ್ಬೆರಳ ಸ್ನಾಯುವಿಗೆ ಎಷ್ಟು ಬೇಗ ಮುಟ್ಟುತ್ತದೆಂದು ಪರದೆಯ ಮೇಲೆ ನೋಡುವ ಪರೀಕ್ಷೆ. ಕಿರುಬೆರಳ ಕಡೆಯ ನರದಲ್ಲಿ ಅಲೆ ಎದ್ದಿತು. ಸುರಂಗದ ನರದಲ್ಲಿ ಗೆರೆ ಚಪ್ಪಟೆ. ಪರೀಕ್ಷೆ ಮಾಡುತ್ತಿದ್ದವರು ಕರೆಂಟು ಹೆಚ್ಚಿಸಿದರು, ಮತ್ತೂ ಹೆಚ್ಚಿಸಿದರು. ಗೆರೆ ಏಳಲಿಲ್ಲ.

ಸುರಂಗದ ಪಟ್ಟಿ ಕತ್ತರಿಸಿ ನರವನ್ನು ಬಿಡಿಸುವುದೊಂದೇ ದಾರಿ. ಸ್ಪರ್ಶ ಸ್ವಲ್ಪ ಮರಳಬಹುದು, ಹೆಬ್ಬೆರಳ ಬಲದ ಬಗ್ಗೆ ಮಾತು ಕೊಡಲಾರೆ ಎಂದು ಹೇಳಿದೆ. ಜೋಡಿ ತಲೆ ಅಲ್ಲಾಡಿಸಿದಳು.

"ನಾನೊಬ್ಳೇ ಮಾಡಿಸ್ಕಳಲ್ಲ. ಅವ್ಳಿಗೂ ಮಾಡಿ. ಇನ್ನೂ ನೋಯ್ತೈತೆ ಅವ್ಳಿಗೆ."

"ಮಾಡಿಸ್ಕಂಡ್ರೆ ಇಬ್ರಿಗೂ ಕೊಯ್ಲು ತಪ್ತದೆ ಅಕ್ಕ" ಎಂದಳು ಕೆಂಪು ಸ್ವೆಟರಿನವಳು.

"ತಪ್ಲಿ ಬುಡು. ಕಾಫಿ ಮುಂದಿನ ವರ್ಷನೂ ಬಿಡ್ತದೆ."

ಒಂದೇ ಬೆಳಿಗ್ಗೆ ಇಬ್ಬರಿಗೂ ಆಪರೇಷನ್ ಮಾಡಿದೆ. ಕೈಗೆ ಮಾತ್ರ ಮರಗಟ್ಟಿಸುವ ಮದ್ದು, ರೋಗಿ ಎಚ್ಚರವಾಗಿಯೇ ಇರುತ್ತಾರೆ. ಕೆಂಪು ಸ್ವೆಟರಿನವಳ ನರ ಕೆಂಪೇರಿ ಊದಿಕೊಂಡಿತ್ತು, ಆದರೆ ಜೀವವಿತ್ತು. ಪಕ್ಕದ ಒಂದು ಎಳೆ ಹಳೆಯ ಹಗ್ಗದಂತೆ ನವೆದು, ಹರಿಯಲು ಸ್ವಲ್ಪವೇ ಬಾಕಿಯಿತ್ತು. ನಾಲ್ಕನೆಯ ಸೂಜಿ ಅಂದು ಬಿದ್ದಿದ್ದರೆ ಅದು ಹರಿದೇ ಹೋಗುತ್ತಿತ್ತೇನೋ. ಜೋಡಿಯ ನರ ನಡುವಿನಲ್ಲಿ ಹಗ್ಗ ಬಿಗಿದ ಮೂಟೆಯ ಹಾಗೆ ಸೊರಗಿ, ಬಿಳಿಚಿಕೊಂಡಿತ್ತು. ಪಟ್ಟಿ ಕತ್ತರಿಸಿದ ಮೇಲೆ ಬಣ್ಣ ಬರುತ್ತದೇನೋ ಎಂದು ನಾನೂ ಹಿರಿಯ ಸಿಸ್ಟರೂ ಬಹಳ ಹೊತ್ತು ಕಾದೆವು. ಅಂಚಿನಲ್ಲಿ ತುಸು ಬಂತು.

ಹಳೆಯ ಕಾರ್ಡುಗಳನ್ನೆಲ್ಲ ತೆಗೆದು ಆ ಎಸ್ಟೇಟಿನ ಪ್ರತಿಯೊಬ್ಬರನ್ನೂ ಮತ್ತೆ ಕರೆಸಿದೆ. ಇನ್ನೂ ಎರಡು ಜೋಡಿಗಳಲ್ಲಿ ಸೂಜಿ ಕೈ ಬದಲಾಗಿತ್ತು. ಅವರಿಗೆ ಹಾನಿಯಾಗಿರಲಿಲ್ಲ, ಅದು ಅವರ ಪುಣ್ಯ. ಈಗ ಜೋಡಿಯಾಗಿಯೇ ಒಳಗೆ ಕರೆಯುತ್ತೇನೆ. ಬಟ್ಟೆ ಹೊದಿಸುವ ಮೊದಲು ಮುಖ ನೋಡಿ, ಹೆಸರು ಕೇಳಿ, ಕಾರ್ಡನ್ನು ಗಟ್ಟಿಯಾಗಿ ಓದುತ್ತೇನೆ. ಆಪರೇಷನ್ ಎಂದು ಹೆದರಿಸುವುದನ್ನು ಬಿಟ್ಟಿದ್ದೇನೆ. ಹಾಸನದ ವೈದ್ಯರನ್ನು ಮತ್ತೆ ಕೂಡಿಸಿ, ಅಪರೂಪದ ಚೇತರಿಕೆಯ ನಿಜವನ್ನೂ ಹೇಳಿದೆ. ಅಂದು ಯಾರೂ ಕಾಫಿ ಮುಗಿಸಲಿಲ್ಲ.

ಮಳೆಗಾಲ ಕಳೆದ ಮೇಲೆ ಇಬ್ಬರೂ ಕಡೆಯ ಪರೀಕ್ಷೆಗೆ ಬಂದರು. ಕೆಂಪು ಸ್ವೆಟರಿನವಳ ಕೈ ಚೆನ್ನಾಗಿತ್ತು, ನಿದ್ದೆ ಬರುತ್ತಿತ್ತು. ಜೋಡಿಗೆ ಬಿಸಿ ಸ್ವಲ್ಪ ತಿಳಿಯತೊಡಗಿತ್ತು. "ಈಗ ಯಾರೂ ಪಾತ್ರೆ ಇಳ್ಸೋಕೆ ಕರೆಯಲ್ಲ, ನನ್ನ ಬೆಲೆ ಇಳೀತು" ಎಂದು ಹಾಸ್ಯ ಮಾಡಿದಳು. ನಾನು ಕಾರ್ಡು ಓದಿ, ಮುಖ ನೋಡಿ, "ಹೆಬ್ಬೆಟ್ಟನ್ನ ಕಿರುಬೆಟ್ಟಿಗೆ ಮುಟ್ಸವ್ವ" ಎಂದೆ.

ಅವಳು ಹಲ್ಲು ಕಚ್ಚಿ ಪ್ರಯತ್ನಿಸಿದಳು. ಹೆಬ್ಬೆರಳು ಅಂಗೈಯ ಅರ್ಧದವರೆಗೆ ಬಂದು ನಡುಗಿ ನಿಂತಿತು. ಮತ್ತೆ ಪ್ರಯತ್ನಿಸಿದಳು, ಅಲ್ಲಿಗೇ ನಿಂತಿತು. ಆಗ ಕೆಂಪು ಸ್ವೆಟರಿನವಳು ಪಕ್ಕದಿಂದ ತನ್ನ ಕೈ ಚಾಚಿ, ತನ್ನ ಹೆಬ್ಬೆರಳನ್ನು ಅವಳ ಕಿರುಬೆರಳಿಗೆ ಮುಟ್ಟಿಸಿ ಗಟ್ಟಿಯಾಗಿ ಹಿಡಿದಳು.

"ಮುಟ್ತಲ್ಲ ಡಾಕ್ಟ್ರೇ. ಅಕ್ಕನ ಹೆಸ್ರಿಗೇ ಬರ್ಕಳಿ."

ನಗಲು ನೋಡಿದಳು, ಆಗಲಿಲ್ಲ. ಜೋಡಿ ಇನ್ನೊಂದು ಕೈಯಿಂದ ಅವಳ ತಲೆ ಸವರಿದಳು. ಆ ಎರಡು ಕೈಗಳು ಬೇರೆಯಾಗುವವರೆಗೆ ನಾನು ಪೆನ್ನು ಎತ್ತಲಿಲ್ಲ. ಆಮೇಲೆ ಕಾರ್ಡಿನಲ್ಲಿ, ಅವಳದೇ ಹೆಸರಿನ ಕೆಳಗೆ, ಕಂಡದ್ದನ್ನು ಬರೆದೆ: ಬಲಗೈ, ಹೆಬ್ಬೆರಳು ಕಿರುಬೆರಳಿಗೆ ಮುಟ್ಟುವುದಿಲ್ಲ.